ಮಯೆನ್ ಇಂದು ಕುಣಿಯುವುದಿಲ್ಲ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕಲಬಾರ್ ಮಹಿಳಾ ಸಂಘದ ಸೋದರಿಯರೇ, ಸಭಿಕರೇ,

ನಾನು ಅಟಿಮ್ ಅಸುಕ್ವೊ, ನಮ್ಮ ಮನೆತನದ ಹಿರಿಯಳು. ಮದುವೆಗೆ ಮುಂಚೆ ಹೆಣ್ಣುಮಕ್ಕಳನ್ನು ತಿಂಗಳುಗಟ್ಟಲೆ ಒಳಗೆ ಕೂರಿಸಿ, ಎಣ್ಣೆ ತಿಕ್ಕಿ, ತಿನ್ನಿಸಿ, ಮೈತುಂಬಿಸುವ ಮ್ಬೊಪೊ ಕೋಣೆಯನ್ನು ಅತ್ತೆಯ ನಂತರ ನಡೆಸಿಕೊಂಡು ಬಂದವಳು. ಈ ಸಭೆಯ ಅರ್ಧದಷ್ಟು ಗೃಹಿಣಿಯರು ನನ್ನ ಕೈತುತ್ತು ತಿಂದವರು. ಅದಕ್ಕಾಗಿ ಇಂದು ಈ ರೇಷ್ಮೆ ಹೊದಿಸಿದ್ದೀರಿ. ಸಂತೋಷ. ಬಟ್ಟೆ ಸ್ವಲ್ಪ ಗಿಡ್ಡವಾಯಿತು. ಕೊಂಡವರು ಯಾರೆಂದು ಕೇಳುವುದಿಲ್ಲ.

ನನ್ನ ಮೊಮ್ಮಗಳು ಮಯೆನ್ ಕೋಣೆಯಿಂದ ಹೊರಬಂದು ಇಂದು ಇಲ್ಲಿ ಕುಣಿಯುತ್ತಾಳೆಂದು ಕರೆಯೋಲೆಯಲ್ಲಿ ಅಚ್ಚಾಗಿದೆ. ಅವಳು ಕುಣಿಯುವುದಿಲ್ಲ. ಕಾರಣವನ್ನು ಸಭೆಗೆ ಹೇಳಲು ಅವಳೇ ಒಪ್ಪಿದ್ದಾಳೆ.

ಕೋಣೆಯಲ್ಲಿ ತಿನ್ನುವುದು ಹೇಗೆ? ನಾವು ಬಡಿಸುತ್ತೇವೆ, ಹುಡುಗಿ ಸಾಕೆಂದು ಗೊಣಗುತ್ತಾಳೆ, ನಾವು ಗದರುತ್ತೇವೆ. ಮಯೆನ್ ಗೊಣಗಲಿಲ್ಲ. ತಟ್ಟೆ ಎತ್ತಿದ ಮೇಲೂ ಹಾಸಿಗೆಯಡಿ ಬಚ್ಚಿಟ್ಟ ಚೀಲದಿಂದ ಮರಗೆಣಸಿನ ಹಿಟ್ಟನ್ನು ಒಣದಾಗಿಯೇ ಮುಕ್ಕುತ್ತಿದ್ದಳು. ಆಮೇಲೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಒಳ್ಳೆಯ ಹಸಿವೆಂದು ಮನೆಯ ಹೆಂಗಸರು ಹಿಗ್ಗಿದರು. ಅಳು ತರಿಸುವ ಹಸಿವನ್ನು ನಾನು ಒಪ್ಪಲಿಲ್ಲ. ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರ್ ಎಸ್ಸಿಯೆನ್ ನನ್ನ ಕಿರಿಮಗಳ ವಯಸ್ಸಿನವರು. ತೂಕ ನೋಡಿದರು, ರಕ್ತ ತೆಗೆದರು, ಎರಡನ್ನೂ ಬದಿಗಿಟ್ಟರು. ಮಿತಿಮೀರಿ ತಿನ್ನುವ ಕಾಯಿಲೆ ತಕ್ಕಡಿಯಲ್ಲಿ ಕಾಣುವುದಿಲ್ಲವಂತೆ, ತೆಳ್ಳಗಿನವರಿಗೂ ಬರುತ್ತದಂತೆ, ಕೇಳಿಯೇ ತಿಳಿಯಬೇಕಂತೆ. ನಾವು ಬಡಿಸಿದ ಊಟವನ್ನು ಅವರು ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಅವಳಾಗಿಯೇ ತಿಂದದ್ದನ್ನಷ್ಟೇ ವಿಚಾರಿಸಿದರು. ಸ್ವಲ್ಪ ಹೊತ್ತಿನಲ್ಲೇ ಬೇರೆಯವರಿಗಿಂತ ತುಂಬಾ ಹೆಚ್ಚು ತಿನ್ನುತ್ತೀಯಾ, ಹಸಿವಿಲ್ಲದಾಗಲೂ ತಿನ್ನುತ್ತೀಯಾ, ನಿಲ್ಲಿಸಬೇಕೆಂದರೆ ನಿಲ್ಲಿಸಲಾಗುತ್ತದೆಯೇ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತೀಯಾ, ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳಾಯಿತೇ ಎಂದು ಒಂದೊಂದಾಗಿ ಕೇಳಿದರು. ವಾಂತಿಯಿಲ್ಲ, ನಿಲ್ಲಿಸಲಾಗುವುದಿಲ್ಲ, ತಾಯಿ ತೀರಿಹೋದ ವರ್ಷದಿಂದಲೂ ಹೀಗೆಯೇ ಎಂದಳು ಮಯೆನ್.

"ನಾಚಿಕೆಯಾಗಿ ಒಬ್ಬಳೇ ತಿಂತೀಯಾ?" ಎಂದಾಗ ಹುಡುಗಿ ತಲೆ ತಗ್ಗಿಸಿದಳು. ನಾನೇ ಉತ್ತರ ಕೊಟ್ಟೆ: "ಪಾತ್ರೆ ಮುಚ್ಚಳದ ಕೆಳಗೆ ಬಟ್ಟೆ ಇಟ್ರೆ ಸದ್ದಾಗಲ್ಲ."

ಮಯೆನ್ ನನ್ನತ್ತ ತಿರುಗಿದಳು. "ನಾನು ಪಾತ್ರೆ ಮುಟ್ಟೇ ಇಲ್ಲ ಅಜ್ಜಿ. ಚೀಲದಿಂದ ತಿಂತಿದ್ದೆ."

"ನಿಮಗೆ ಯಾವಾಗಿಂದ, ಅಮ್ಮಾ?" ಎಂದರು ಡಾಕ್ಟರು.

"ತೋರಿಸೋಕೆ ಕರ್ಕೊಂಡು ಬಂದಿರೋದು ಹುಡುಗೀನ. ಅವಳನ್ನ ನೋಡಮ್ಮ."

ಅಡುಗೆಮನೆ ಆಳಿದವಳಿಗೆ ಮುಚ್ಚಳದ ಸಂಗತಿ ತಿಳಿದಿರಬೇಡವೇ?

ವರನ ತಾಯಿಗೂ ವಿಷಯ ತಿಳಿಸಿದೆ. "ತಿನ್ನೋದೂ ಒಂದು ಕಾಯಿಲೇನಾ? ನಮ್ಮನೆಗೆ ಕಳ್ಸಿ, ಒಲೆ ಮುಂದೆ ನಿಂತ್ರೆ ತಾನೇ ಸರಿಹೋಗ್ತಾಳೆ" ಎಂದರು.

"ಕಾಯಿಲೆಗೆ ಹೆಸರಿಡೋದು ಡಾಕ್ಟರ ಕೆಲಸ, ಅವರು ಇಟ್ಟಾಗಿದೆ. ಅವಳು ಗುಣವಾಗೋವರೆಗೆ ಮದುವೆಗೆ ಕಾಯೋದೋ ಬಿಡೋದೋ, ಅದು ನಿಮ್ಮ ಕೆಲಸ" ಎಂದೆ. ಅವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಉತ್ತರಕ್ಕೆ ಅವಸರವಿಲ್ಲ.

ಕೋಣೆಯನ್ನು ಹೀಗೆಯೇ ಮುಂದುವರಿಸಬೇಕೆಂದು ಅಧ್ಯಕ್ಷರು ಕೋರಿದರು. ಪದ್ಧತಿಯ ಮೇಲೆ ನನಗೆ ದೂರಿಲ್ಲ. ಎಣ್ಣೆ, ಹಾಡು, ಬುದ್ಧಿಮಾತು ಅಂಗಳದಲ್ಲೂ ನಡೆಯುತ್ತವೆ. ಬಾಗಿಲು ಹಾಕಿಕೊಂಡು ತಿನ್ನುವುದು ನನ್ನ ಮನೆಯಲ್ಲಿ ಇನ್ನಿಲ್ಲ. ಸೋಮವಾರ ಬಡಗಿಯನ್ನು ಕರೆಸಿ ಕೋಣೆಯ ಬಾಗಿಲನ್ನು ಕೀಳಿಸಿದೆ. ಅಡುಗೆಮನೆಯದನ್ನೂ ಕೀಳಿಸಿದೆ. ಗುರುವಾರ ಡಾಕ್ಟರ ಬಳಿಗೆ ಹೋಗಿದ್ದೆವು. ಮೊದಲು ಮಯೆನ್ ಒಳಗೆ ಹೋದಳು. ಅವಳು ಹೊರಬಂದ ಮೇಲೆ ನಾನು ಹೋದೆ.

ಕೆಮ್ಮದೆ ಕೇಳಿದಿರಿ, ನಿಮಗೆ ಕೃತಜ್ಞಳು. ನಮಸ್ಕಾರ.