ಕೊಕ್ಕರೆಗಳ ಹೊಸ ಸೀಸನ್

ನಂಬಬೇಡಿ. ನಂಬಲೇಬೇಡಿ ಅತ್ತಿಗೆ, ನಾನೇನು ಕಾಲು ಹಿಡಿದು ಬೇಡ್ತಿಲ್ಲ. ಆದ್ರೆ ಈ ಸೀಸನ್‌ನಲ್ಲಿ ಹನ್ನೆರಡು ಟೀಮಲ್ಲಿ ಕಪ್ ಎತ್ತೋದು ನನ್ನ ಗೂಳಿಗಳೇ! ಬರೆದಿಟ್ಕೊಳ್ಳಿ. ಪೆನ್ನಿಲ್ವಾ? ಆ ಬಟ್ಟೆಗೆ ಗುರುತು ಹಾಕೋ ಚಾಕ್‌ಪೀಸಲ್ಲೇ ಬರೀರಿ. ಯಾರ ಯೂನಿಫಾರಂ ಅದು? ಬೆನ್ನ ಮೇಲೆ ‘ಗೂಳಿಗಳು’ ಅಂತ ಬರೆದುಕೊಡಿ, ಆ ಮಗು ಓದದೇನೇ ಪಾಸಾಗುತ್ತೆ!

ನಗ್ತಿದೀರಾ? ನಗಿ ನಗಿ. ಎಲ್ಲರೂ ಹೀಗೇ ನಕ್ಕಿದ್ದು.

ಇಲ್ಲ ಇಲ್ಲ, ಮೆಷಿನ್ ನಿಲ್ಲಿಸ್ಬೇಡಿ. ನೀವು ಹೊಲೀತಿರಿ, ನಾನು ಈ ಬಟ್ಟೆ ಗಂಟಿನ ಮೇಲೇ ಕೂತ್ಕೋತೀನಿ. ಟೀ ಬೇಡ. ಗೋದಾಮಿಂದ ಸೀದಾ ಬಂದೆ. ಬೆಳಗ್ಗಿಂದ ಆ ಕೋಲ್ಡ್ ಸ್ಟೋರೇಜಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಓಡಿಸಿ ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಆದ್ರೂ ಹೇಳ್ತೀನಿ, ಅಲ್ಲಿ ನನ್ನ ಹಾಗೆ ಪೆಟ್ಟಿಗೆ ಜೋಡಿಸೋನು ಇನ್ನೊಬ್ಬ ಹುಟ್ಟಿಲ್ಲ. ಸೂಪರ್‌ವೈಸರೇ ಹೇಳಿದ. ಸರಿ, ಬಾಯಿಬಿಟ್ಟು ಹೇಳಿಲ್ಲ... ಮುಖದಲ್ಲಿ ಕಾಣ್ತಿತ್ತು.

ಅಂದಹಾಗೆ ಅತ್ತಿಗೆ, ಅಣ್ಣನ ಫೋನ್ ಒಂದ್ನಿಮಿಷ ಬೇಕಿತ್ತು. ಏನಿಲ್ಲ... ಫೋಟೋ. ಹಳೇದೊಂದು ಫೋಟೋ ಇತ್ತು ಅದರಲ್ಲಿ. ನಾನು, ಅವನು, ಕೊಟ್ಟಿಗೆ ಗೋಡೆಗೆ ಹೊಡೆದಿದ್ದ ಪೀಪಾಯಿ ಬಳೆ. ನಿಮಗೆ ಹೇಳಿದಾನಲ್ಲ? ಅದೇ ನಮ್ಮ ಬಾಸ್ಕೆಟ್‌ಬಾಲ್ ರಿಂಗು. ಚೆಂಡು ಒಳಗೆ ಬಿದ್ರೆ ಆ ಕಡೆ ಎಮ್ಮೆ ಬೆಚ್ಚಿಬೀಳ್ತಿತ್ತು. ಅಣ್ಣ ಉದ್ದ, ನಿಂತಲ್ಲಿಂದಲೇ ಹಾಕೋನು. ನಾನು ಗಿಡ್ಡ, ಆದ್ರೆ ಎಗರ್ತಿದ್ದೆ ನೋಡಿ... ಊರಲ್ಲಿ ಇವತ್ತಿಗೂ ಮಾತಾಡ್ಕೋತಾರೆ!

ಆಮೇಲೆ ಕೊಡಿ, ಅವಸರ ಇಲ್ಲ. ಸಂಜೆ ಒಳಗೆ ಆದ್ರೆ ಸಾಕು.

ಏನು? ಇಲ್ಲದ ಮನುಷ್ಯರ ಆಟಕ್ಕೆ ಇಷ್ಟೊಂದು ಯಾಕೆ ಅಂತಾನಾ? ಅಯ್ಯೋ, ಇಷ್ಟು ವರ್ಷ ಗಂಡನ ಪಕ್ಕದಲ್ಲಿ ಕೂತೂ ನಿಮಗೆ ತಿಳೀಲಿಲ್ವಾ! ನೋಡಿ, ಇದು ಫೋನಲ್ಲಿ ಆಡೋ ಬಾಸ್ಕೆಟ್‌ಬಾಲ್, ಆಟಗಾರರನ್ನ ಕಂಪ್ಯೂಟರ್ ಹುಟ್ಟಿಸುತ್ತೆ, ಒಪ್ಪಿದೆ. ಆದ್ರೆ ಅವರಿಗೂ ವಯಸ್ಸಾಗುತ್ತೆ, ಮಂಡಿ ಸವೆಯುತ್ತೆ, ಮುನಿಸ್ಕೋತಾರೆ. ಯಾರನ್ನ ಇಟ್ಕೋಬೇಕು, ಯಾರನ್ನ ಆಡಿಸ್ಬೇಕು, ಅದು ನಮ್ಮ ತಲೆ. ಆಟ ಆಡಿಸಿ ಸ್ಕೋರ್ ಹೇಳೋದು ಕಂಪ್ಯೂಟರು. ಹನ್ನೆರಡು ಜನ, ಹನ್ನೆರಡು ಟೀಮು, ಮೇಲೆ ಒಬ್ಬರು ಮೇಷ್ಟ್ರು, ಲೀಗ್ ನಡೆಸೋರು. ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ನಾನು ಅಣ್ಣ ಬಿಟ್ಟು. ಬೇಕರಿಯವನೊಬ್ಬ ಇದಾನೆ, ಹೋದ ಸಲ ಕಟ್ಟಕಡೆಗೆ ಬಂದೋನು, ಮಾತು ಕೇಳಿದ್ರೆ ಚಕ್ರವರ್ತಿ!

ಪ್ರತಿ ಸೀಸನ್ನಿಗೂ ಮುಂಚೆ ಎಲ್ಲರೂ ‘ನಮ್ಮ ಟೀಮ್ ಈ ಸಲ ಹೇಗೆ’ ಅಂತ ಬರೆದು ಹಾಕ್ಬೇಕು. ಹಾಕದಿದ್ರೆ ಟೀಮ್ ಕೈ ತಪ್ಪುತ್ತೆ. ಅದು ಕಾನೂನು. ನನ್ನದು ಆಗ್ಲೇ ಹಾಕಿದೀನಿ. ಓದಿದೋರು ಸುಸ್ತು! ‘ಗೂಳಿಗಳ ಎದುರು ಬರೋರು ಮನೇಲಿ ಹೇಳಿ ಬನ್ನಿ’ ಅಂತಲೇ ಶುರು.

ಅಣ್ಣ ಇದ್ದಿದ್ರೆ ಏನನ್ನೋನು ಗೊತ್ತಲ್ಲ? ಅವನ ಟೀಮಿಗೆ ಕೊಕ್ಕರೆಗಳು ಅಂತ ಹೆಸರು. ಎಲ್ಲಾ ಉದ್ದುದ್ದ, ಅವನ ಹಾಗೇ. ಪೇಚಾಟ ಏನಂದ್ರೆ, ಅವನು ಬಸ್ ಓಡಿಸೋವಾಗ ಆಟದ ಹೊತ್ತಾಗ್ತಿತ್ತು. ಆಗ ನನಗೇ ಫೋನ್: ‘ಲೋ ಮರಿ, ಸ್ಟೇರಿಂಗ್ ಹಿಡ್ಕೊಂಡಿದೀನಿ, ನನ್ನ ಐದು ಜನರನ್ನ ನೀನೇ ಆಟಕ್ಕೆ ಇಳಿಸಿಬಿಡೋ.’ ಎದುರಾಳಿ ಕೈಗೇ ಟೀಮು! ಪಾಸ್‌ವರ್ಡ್ ಸಮೇತ! ಯಾರಾದ್ರೂ ಕೊಡ್ತಾರಾ? ನಾನು ಒಂದು ದಿನ ಮೋಸ ಮಾಡಿದ್ರೆ ಕೇಳಿ. ಅವನ ಟೀಮ್ ಇಳಿಸಿ, ಆಮೇಲೆ ನನ್ನದು ಇಳಿಸಿ, ಆಮೇಲೆ ಉಗುರು ಕಚ್ಕೊಂಡು ಕೂರೋದು.

ಮಾತಲ್ಲಿ ಮಾತ್ರ ಬಿಡ್ತಿರಲಿಲ್ಲ ಆಸಾಮಿ. ‘ನಿನ್ನ ಗೂಳಿಗಳಿಗೆ ಬಾಲ್ ಕೊಡಬೇಡ, ಹುಲ್ಲು ಕೊಡು, ಅದಾದ್ರೂ ಹಿಡೀತಾವೆ’ ಅಂತ ಲೀಗಿನ ಚಾಟ್ ಗುಂಪಲ್ಲಿ ಹಾಕಿದ್ದ!

ಹೌದು, ಥೇಟ್ ಅವನೇ! ಇನ್ನೊಂದು ಕೇಳಿ. ‘ಮರಿ, ನೀನು ಆ ಫೋರ್ಕ್‌ಲಿಫ್ಟ್‌ನೇ ಸೆಂಟರ್ ಆಡಿಸು. ನಿನ್ನ ಹುಡುಗರಿಗಿಂತ ಅದೇ ಬೇಗ ತಿರುಗುತ್ತೆ’... ಅಯ್ಯೋ ಅತ್ತಿಗೆ, ನೀರು ಕುಡೀರಿ, ನೆತ್ತಿಗೇರುತ್ತೆ! ಎಷ್ಟು ದಿನ ಆಗಿತ್ತು ನೀವು ಹೀಗೆ ನಕ್ಕು... ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಗುಂಪಲ್ಲಿ ಎಲ್ಲರೂ ನಕ್ಕಿದ್ರು. ಮಾರನೇ ದಿನವೇ ಫೈನಲ್, ಅಣ್ಣ ತಮ್ಮ ಎದುರುಬದುರು, ಅಂಥ ಹೊತ್ತಲ್ಲಿ...

ಯಾಕೆ? ಮೆಷಿನ್ ಯಾಕೆ ನಿಲ್ಲಿಸಿದ್ರಿ?

ದಾರ ತುಂಡಾಯ್ತಾ? ಕೊಡಿ, ನಾನು ಪೋಣಿಸ್ತೀನಿ, ನನ್ನ ಕಣ್ಣು ಹದ್ದಿನ ಕಣ್ಣು.

ಏನು? ಫೈನಲ್... ಫೈನಲ್ ಯಾವಾಗ ಅಂದ್ರೆ... ಹೋದ ಸೀಸನ್ನಿನದು. ಸೀಸನ್ ಮುಗಿಯೋವಾಗ.

ಅತ್ತಿಗೆ.

ಹಾಗೆ ನೋಡಬೇಡಿ. ಏನಾದ್ರೂ ಬೈದ್ರೂ ಪರವಾಗಿಲ್ಲ. ಆ ಕತ್ತರಿ ಎತ್ತಿ ಎಸೆದ್ರೂ ಪರವಾಗಿಲ್ಲ.

ಹೌದು. ಫೈನಲ್ ಹೊತ್ತಿಗೆ ಅಣ್ಣ ಇರಲಿಲ್ಲ.

ಸೀಸನ್ ಅರ್ಧ ಆಗಿತ್ತು ಅವನು ಸ್ಟೇರಿಂಗ್ ಮೇಲೆ ತಲೆ ಇಟ್ಟಾಗ. ಬಸ್ಸನ್ನ ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ತಲೆ ಇಟ್ಟ. ಒಬ್ಬರಿಗೂ ತರಚಿಲ್ಲ. ಅಂಥ ಡ್ರೈವರ್... ಸರಿ, ಅದು ಬೇಡ. ಅವತ್ತು ಸಂಜೆ ಕೊಕ್ಕರೆಗಳ ಆಟ ಇತ್ತು. ನೀವೆಲ್ಲ ಒಳಗಿದ್ರಿ. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ. ಕೈ ಸುಮ್ಮನಿರಲಿಲ್ಲ. ಅಭ್ಯಾಸ... ಅವನ ಐದು ಜನರನ್ನ ಇಳಿಸಿಬಿಟ್ಟೆ. ಗೆದ್ರು. ಗುಂಪಲ್ಲಿ ಬೇಕರಿಯವನು ಕೇಳಿದ, ‘ಏನು ಡ್ರೈವರ್ ಸಾಹೇಬ್ರೆ, ಇವತ್ತು ಮಾತೇ ಇಲ್ಲ?’ ಅಂತ. ನಾನು ಬರೆದೆ, ಅಣ್ಣನ ಹೆಸರಲ್ಲಿ. ‘ಟ್ರಾಫಿಕ್ಕಲ್ಲಿ ಇದೀನಿ.’

ಆಮೇಲೆ ಹೇಗೆ ನಿಲ್ಲಿಸೋದು? ನೀವೇ ಹೇಳಿ. ಯಾವ ದಿನ ನಿಲ್ಲಿಸ್ಬೇಕಿತ್ತು?

ಹುಲ್ಲಿಂದು, ಫೋರ್ಕ್‌ಲಿಫ್ಟಿಂದು, ಎರಡೂ ನಾನೇ ಬರೆದಿದ್ದು. ನನ್ನನ್ನ ನಾನೇ ಬೈಕೊಂಡಿದ್ದು. ನೀವು ನಕ್ಕಿದ್ದು ಅಣ್ಣನ ಮಾತಿಗಲ್ಲ ಅತ್ತಿಗೆ, ನನ್ನ ಮಾತಿಗೆ... ತಪ್ಪಾಯ್ತು. ನೀವು ನಗ್ತೀರಿ ಅಂತ ಗೊತ್ತಿರಲಿಲ್ಲ. ನೀವು ನಗೋಕೆ ಶುರು ಮಾಡಿದ್ಮೇಲೆ ನನಗೆ ನಿಲ್ಲಿಸೋಕೆ ಆಗಲಿಲ್ಲ.

ಆದ್ರೆ ಒಂದು ಕೇಳಿಸ್ಕೊಳ್ಳಿ. ಬೇರೇನೂ ನಂಬಬೇಡಿ, ನನ್ನ ಎಗರಾಟ, ನನ್ನ ಸೂಪರ್‌ವೈಸರು, ಎಲ್ಲ ಬಿಡಿ. ಇದೊಂದು ನಂಬಿ. ಫೈನಲ್ ನಾನು ಬಿಟ್ಟುಕೊಡಲಿಲ್ಲ. ಪ್ರಾಣ ಕೊಟ್ಟು ಆಡಿದೆ, ನನ್ನ ಕಡೆಯಿಂದ. ಅವನ ಟೀಮಲ್ಲಿ ಒಬ್ಬನನ್ನೂ ಬದಲಾಯಿಸಿರಲಿಲ್ಲ. ಅವನು ಹೇಗೆ ಜೋಡಿಸಿ ಹೋಗಿದ್ನೋ ಹಾಗೇ ಇಳಿಸಿದೆ. ಸೋತೆ. ಅಣ್ಣ ಗೆದ್ದ. ನಿಜವಾಗ್ಲೂ ಗೆದ್ದ! ಗೋದಾಮಿನ ಲಾಕರ್ ಹತ್ರ ನಿಂತು ಸ್ಕೋರ್ ನೋಡಿ... ಜೊತೆಯವರು ಕೇಳಿದ್ರು, ಏನೋ ಆಯ್ತು ಅಂತ. ಕಣ್ಣಿಗೆ ಥಂಡಿ ಹೊಡೀತು ಅಂದೆ.

ಫೋನ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಫೋಟೋ ಸುಳ್ಳು. ಫೋಟೋ ಇದೆ, ಆದ್ರೆ ಅದಕ್ಕೆ ಬಂದಿದ್ದಲ್ಲ. ಹೊಸ ಸೀಸನ್ನಿಗೆ ಅವನ ಹೆಸರಲ್ಲಿ ಮತ್ತೆ ಒಳಗೆ ಹೋಗ್ಬೇಕಾದ್ರೆ ಆ ನಂಬರಿಗೆ ಒಂದು ಕೋಡ್ ಬರುತ್ತೆ. ಇವತ್ತು ಸಂಜೆ ಕೊನೆ. ಕೊಕ್ಕರೆಗಳದ್ದೂ ನಾನೇ ಬರೆದಿದೀನಿ. ಬಾಯಿಪಾಠ ಆಗಿದೆ, ಬೇಕಾದ್ರೆ ಹೇಳ್ತೀನಿ.

ಹೇಳ್ಲಾ?

‘ಎಲ್ಲರಿಗೂ ನಮಸ್ಕಾರ. ಕೊಕ್ಕರೆಗಳು ಈ ಸಲವೂ ಒಂಟಿ ಕಾಲಲ್ಲೇ ಗೆಲ್ಲುತ್ತವೆ. ಎರಡನೇ ಕಾಲನ್ನ ಮುಂದಿನ ವರ್ಷಕ್ಕೆ ಇಟ್ಕೊಂಡಿದೀವಿ. ನನ್ನ ತಮ್ಮ ಕಪ್ ಗೆಲ್ತೀನಿ ಅಂತ ಬರೆದಿದಾನೆ. ಅವನು ಸಣ್ಣವನಿದ್ದಾಗ ಚಂದ್ರನನ್ನೂ ತರ್ತೀನಿ ಅಂದಿದ್ದ. ಅವನಿಗೆ ಯಾರೂ ಬೇಜಾರು ಮಾಡಬೇಡಿ, ನಾನು ಇರೋತನಕ...’

ನಾನು ಇರೋತನಕ...

ಇಲ್ಲ, ಮುಂದಿಂದು ಮರೆತುಹೋಯ್ತು. ಸ್ವಲ್ಪ ತಡೀರಿ.

ಫೋನ್ ಕೊಡಿ. ಒಂದೇ ನಿಮಿಷ. ಕೋಡ್ ನೋಡಿ ವಾಪಸ್ ಕೊಟ್ಟುಬಿಡ್ತೀನಿ.

ಯಾರು? ಯಾರು ಫೋನ್ ಮಾಡಿದ್ರು?

ಮೇಷ್ಟ್ರಾ? ಅಣ್ಣನ ನಂಬರಿಗಾ? ಇವತ್ತು ಬೆಳಗ್ಗೆ...

ಕಪ್ ಗೆದ್ದಿದ್ದಕ್ಕೆ ಶುಭಾಶಯ ಹೇಳೋಕೆ. ಹೂಂ. ಇಷ್ಟು ದಿನ ಆದ್ಮೇಲೆ. ಮೇಷ್ಟ್ರು ಹಾಗೇ, ಎಲ್ಲ ತಡ. ‘ಒಂದ್ಸಲ ನಿಮ್ಮ ಯಜಮಾನ್ರ ಹತ್ರ ಮಾತಾಡ್ಬೇಕು, ಫೋನ್ ಕೊಡಿ’ ಅಂದ್ರಾ... ನೀವೇನಂದ್ರಿ?

...

ಹೌದು. ಇನ್ನೇನು ಹೇಳ್ತೀರಿ. ಇದ್ದಿದ್ದನ್ನ ಹೇಳಿದ್ರಿ. ಇಲ್ಲ, ನಿಮ್ಮದೇನೂ ತಪ್ಪಿಲ್ಲ, ಅಳಬೇಡಿ. ಅವರು ಕೇಳಿದ್ರು, ನೀವು ಹೇಳಿದ್ರಿ. ನಿಮ್ಮ ಬಾಯಿಂದ ಅದನ್ನ ಇನ್ನೂ ಎಷ್ಟು ಸಲ ಹೇಳಿಸ್ತಾರೋ. ನಾನು ಒಂದ್ಸಲವೂ ಹೇಳಿಲ್ಲ ನೋಡಿ ಯಾರಿಗೂ. ಗೋದಾಮಲ್ಲಿ ಕೂಡ ‘ಅಣ್ಣನ ಮನೆಗೆ ಹೋಗ್ತೀನಿ’ ಅಂತಲೇ ಹೇಳಿ ಬಂದೆ.

ಆಮೇಲೆ ಏನಂದ್ರು? ಟೀಮ್ ಬಗ್ಗೆ ಏನಾದ್ರೂ? ನಿಮಗೆ ಅರ್ಥ ಆಗಲಿಲ್ವಾ... ‘ಹಂಚಿಬಿಡ್ತೀವಿ’ ಅಂದ್ರಾ?

ಹಂಚಿಬಿಡ್ತೀವಿ.

ನನಗೆ ಅರ್ಥ ಆಯ್ತು. ನಡೆಸೋರು ಇಲ್ಲದ ಟೀಮನ್ನ ಒಡೀತಾರೆ ಅತ್ತಿಗೆ. ಆಟಗಾರರನ್ನ ಉಳಿದವರಿಗೆ ಒಬ್ಬೊಬ್ಬರನ್ನ ಹಂಚ್ತಾರೆ. ಹೋದ ಸಲ ಕಟ್ಟಕಡೆಗೆ ಬಂದವನು ಮೊದಲು ಆರಿಸ್ತಾನೆ, ಬಡವನಿಗೆ ಮೊದಲು ಅನ್ನೋ ಲೆಕ್ಕ. ಅಂದ್ರೆ ಬೇಕರಿಯವನು. ಮೇಲೆ ಬಂದವರಿಗೆ ಆಮೇಲೆ. ಫೈನಲ್‌ವರೆಗೂ ಹೋದವನಿಗೆ ಎಲ್ಲರಿಗಿಂತ ಕೊನೆಗೆ.

ಹೂಂ. ನಾನೇ.

ಇರಿ, ನನ್ನ ಫೋನಲ್ಲಿ ಬಂದಿರ್ಬೇಕು. ಗುಂಪಿನ ಸದ್ದು ಆಫ್ ಮಾಡಿಟ್ಟಿದೀನಿ, ಬೇಕರಿಯವನ ಕೊರೆತ ತಡೆಯೋಕಾಗಲ್ಲ ಅಂತ... ಅಯ್ಯೋ, ಎಷ್ಟು ಮೆಸೇಜು. ಎಲ್ಲರೂ ಅಣ್ಣನಿಗೆ... ಬೇಕರಿಯವನು ಬರೆದಿದಾನೆ, ‘ಹುಲ್ಲಿನ ಮಾತು ನೆನೆಸ್ಕೊಂಡು ಇವತ್ತು ಅಂಗಡಿ ಮುಚ್ಚಿದೀನಿ’ ಅಂತ. ನೋಡಿ, ಅವನೂ ಅದನ್ನೇ ಹಿಡ್ಕೊಂಡಿದಾನೆ. ಬಿಡಿ. ಅದು ಅಣ್ಣನದೇ ಅಂತ ಇರಲಿ.

ಇಷ್ಟು ದಿನ ಸುದ್ದಿ ಮುಚ್ಚಿಟ್ಟಿದ್ದಕ್ಕೆ ಯಾರೂ ನನ್ನ ಬೈದಿಲ್ಲ. ಒಬ್ಬರೂ ಬೈದಿಲ್ಲ ಅತ್ತಿಗೆ.

ಹಂಚಿ ಆಗಿದೆ. ಮಧ್ಯಾಹ್ನವೇ ಆಗಿದೆ. ನಾನು ಗೋದಾಮಲ್ಲಿದ್ದೆ, ಫೋನ್ ಲಾಕರಲ್ಲಿತ್ತು. ಉತ್ತರ ಕೊಡದವರಿಗೆ ಕಂಪ್ಯೂಟರೇ ಆರಿಸಿ ಕೊಡುತ್ತೆ. ಒಳ್ಳೊಳ್ಳೆಯವರೆಲ್ಲ ಹೋದ್ರು. ಬೇಕರಿಯವನ ಟೀಮಿಗೆ ಒಬ್ಬ, ಇನ್ಯಾರದೋ ಟೀಮಿಗೆ ಒಬ್ಬ... ಅಣ್ಣ ವರ್ಷಗಟ್ಟಲೆ ಕೂತು ಜೋಡಿಸಿದ್ದು.

ನನಗೆ? ಇದೆ. ಕೆಳಗೆ ಇದೆ. ಓದ್ತೀನಿ ಇರಿ.

ಒಬ್ಬ ಎಡಗೈಯವನು. ಮೂವತ್ತೇಳು ವರ್ಷ. ಬಲ ಮಂಡಿ ನೋವು. ಹೋದ ಸೀಸನ್ನಿನಲ್ಲಿ ಕೊಕ್ಕರೆಗಳ ಪರವಾಗಿ ಒಂದು ನಿಮಿಷವೂ ಆಡಿಲ್ಲ. ಆಟ ಬಿಡೋಕೆ ಮುಂಚೆ ಇನ್ನೊಂದು ಸೀಸನ್ ನನ್ನ ಹತ್ರ ಇರ್ತಾನೆ.