ಅಂಬಾಸಡರ್ ಸೀಟಿಗೆ ಚರ್ಮವೋ ಬಟ್ಟೆಯೋ

"ಹಲೋ... ಹಲೋ... ಯಾರ್ ಮಾತಾಡ್ತಿರೋದು? ... ಯಾರು? ನೂರ್ ಅಹಮದ್ದಾ? ... ತುಮಕೂರು ಸೀಟ್ ಅಂಗಡೀನೇ ಅಲ್ವಾ? ... ಹಾಂ, ನಾನಪ್ಪ, ಕುಣಿಗಲ್ಲಿಂದ, ಇಂಜಿನಿಯರ್ ರಾಮಾಂಜಿನಯ್ಯ. ನಿಮ್ಮಣ್ಣ ದಸ್ತಗೀರ್ ಸಾಬ್ರು ಇದಾರಾ? ... ಸ್ವಲ್ಪ ಕರೀರಿ. ಟ್ರಂಕ್ ಕಾಲ್ ಕಣ್ರಿ, ಬೇಗ."

ಹತ್ತೂವರೆಗೆ ಬುಕ್ ಮಾಡಿದ ಕಾಲ್ ಹನ್ನೆರಡಕ್ಕೆ ಸಿಕ್ಕಿತ್ತು. ಕಚೇರಿಗೆಲ್ಲ ಇದ್ದದ್ದು ಅದೊಂದೇ ಫೋನು, ಅದೂ ಹೆಡ್ ಕ್ಲರ್ಕ್ ಗುಂಡಯ್ಯನವರ ಮೇಜಿನ ಮೇಲೆ. ಇಂಜಿನಿಯರ್ ಆದರೇನು, ಮಾತಾಡಬೇಕಾದರೆ ಇಲ್ಲಿಗೇ ಬಂದು ನಿಂತು, ಹತ್ತು ಜನರ ಕಿವಿಗೆ ಬೀಳುವಂತೆ ಕೂಗಬೇಕು. ಯಾರಿಗೆ ಫೋನ್ ಬಂದರೂ ಗುಂಡಯ್ಯನವರು ಫೈಲಿನೊಳಗೆ ಮುಖ ತೂರಿಸಿಕೊಳ್ಳುತ್ತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ.

"ಹಾಂ, ಸಾಬ್ರೇ, ನಮಸ್ಕಾರ. ... ಕೇಳಿಸ್ತಿದೆ, ಹೇಳಿ. ... ಅದಕ್ಕೇನೇ ಮಾಡಿದ್ದು, ಸೀಟಿನ ವಿಷ್ಯ. ಬಟ್ಟೇನೇ ಹಾಕ್ಬಿಡಿ. ... ಹೂಂ, ಬಟ್ಟೆ. ... ಲೆದರ್ ಅಂದಿದ್ನಾ? ಅಂದಿರ್ಲಿಲ್ಲ ಸಾಬ್ರೇ, ನೋಡೋಣ ಅಂದಿದ್ದೆ, ಅಷ್ಟೆ."

ಕಾರು ಎಪ್ಪತ್ತೈದನೇ ಮಾಡೆಲ್ ಅಂಬಾಸಡರ್. ಎಂಟು ವರ್ಷ ಯಾರದೋ ಮನೆಯಲ್ಲಿ ದುಡಿದು ರಾಮಾಂಜಿನಯ್ಯನ ಕೈಗೆ ಬಂದಿತ್ತು. ಹಿಂದಿನ ಸೀಟಿನ ಸ್ಪ್ರಿಂಗುಗಳು ಮೇಲೆದ್ದು ಕೂತವರನ್ನು ಚುಚ್ಚುತ್ತಿದ್ದವು. ಹೋದ ಭಾನುವಾರ ಅದನ್ನು ದಸ್ತಗೀರ್ ಸಾಬರ ಅಂಗಡಿಗೆ ಬಿಟ್ಟು ಬಂದಿದ್ದ. ಚರ್ಮ ಹಾಕಿಸುವುದೋ ಬಟ್ಟೆ ಹಾಕಿಸುವುದೋ ಎಂದು ಮಾರನೇ ದಿನ ಕಚೇರಿಯಲ್ಲಿ ಮಾತು ಬಂದಾಗ ಗುಂಡಯ್ಯನವರು ನಶ್ಯ ಏರಿಸುತ್ತ, ಚರ್ಮದ ವಾಸನೆ ಎಷ್ಟು ತೊಳೆದರೂ ಹೋಗೋದಿಲ್ಲ ಸಾರ್ ಅಂದಿದ್ದರು. ಯಾವ ಅರ್ಥದಲ್ಲಿ ಅಂದರೋ ಅವರಿಗೇ ಗೊತ್ತು. ರಾಮಾಂಜಿನಯ್ಯನಿಗೆ ಮಾತ್ರ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

"ಅಲ್ಲ ಸಾಬ್ರೇ, ಬೇಸ್ಗೇಲಿ ಲೆದರ್ ಕಾಯುತ್ತೆ. ಮಕ್ಕಳು ಕೂತ್ರೆ ತೊಡೆ ಸುಡುತ್ತೆ. ... ಬಟ್ಟೆ ಕೊಳೆ ಹಿಡಿಯುತ್ತೆ, ಗೊತ್ತು. ಮೇಲೆ ಕವರ್ ಹಾಕ್ಸೋಣ. ... ಎಣ್ಣೆ ತಲೆ ಒರಗಿಸ್ತಾರಾ? ಒರಗಿಸ್ಲಿ ಬಿಡಿ. ... ಹತ್ತು ವರ್ಷ ಬಾಳಿಕೆ ಬರುತ್ತೆ ಅಂದ್ರೂ ಬೇಡ. ... ನಮ್ ಮನೆಯೋರಿಗೆ ಆಗಲ್ಲ ಕಣ್ರಿ. ಚರ್ಮದ ವಾಸ್ನೆ ಅಂದ್ರೆ ಅವ್ರಿಗೆ ತಲೆ ಸುತ್ತುತ್ತೆ."

ಹೆಂಡತಿ ರಂಗಲಕ್ಷ್ಮಮ್ಮನಿಗೆ ತಲೆಯೂ ಸುತ್ತುತ್ತಿರಲಿಲ್ಲ, ಏನೂ ಇರಲಿಲ್ಲ. ಮಾವ ಇಷ್ಟಪಟ್ಟು ಮಾಡ್ತೀನಿ ಅಂದವ್ರೆ, ಚರ್ಮಾನೇ ಇರಲಿ ಬುಡಿ ಎಂದು ಅವಳು ಎರಡು ಸಲ ಹೇಳಿದ್ದಳು. ಅಲ್ಲಿ ಇಲ್ಲದವಳ ಮೇಲೆ ಹೇಳಿದರೆ ಯಾರಿಗೇನು ನಷ್ಟ ಎಂದು ಅವಳ ಮೇಲೆ ಹಾಕಿದ.

"ಏನು? ... ಬಂದುಬಿಟ್ಟಿದೆಯಾ? ಏನ್ ಬಂದಿದೆ? ... ಚರ್ಮಾನಾ? ... ಯಾರ್ ತಂದ್ರು? ... ವಯಸ್ಸಾದೋರಾ? ... ಹಾಂ..."

ಯಾರು ತಂದರು ಎಂದು ಕೇಳಬೇಕಾಗಿರಲಿಲ್ಲ. ದೀಪಾವಳಿಗೆ ಅಪ್ಪ ಕದರಯ್ಯ ಅಮೃತೂರು ಕಡೆಯ ಹಳ್ಳಿಯಿಂದ ಬಂದಿದ್ದ. ಕಪಿಲೆ ಬಾವಿಗೆ ನೀರೆತ್ತುವ ಚರ್ಮದ ಚೀಲ ಹೊಲಿದು ಮೂರು ಊರಿನಲ್ಲಿ ಹೆಸರು ಮಾಡಿದ್ದವನು. ಪಂಪ್‌ಸೆಟ್ಟು ಬಂದ ಮೇಲೆ ಆ ಕೆಲಸ ಕೇಳುವವರಿರಲಿಲ್ಲ. ಮಗನ ಕಾರಿನ ಬಾಗಿಲು ತೆಗೆಸಿ, ಹರಿದ ಸೀಟಿನ ಮೇಲೆ ಗೇಣು ಹಾಕಿ ಉದ್ದ ಅಗಲ ಅಳೆದಿದ್ದ. ಅಕ್ಕಪಕ್ಕದವರು ನೋಡಿಯಾರು ಎಂದು ರಾಮಾಂಜಿನಯ್ಯ ಗೇಟು ಹಾಕಿ ಬಂದನೇ ಹೊರತು ಬೇಡ ಅನ್ನಲಿಲ್ಲ. ಅಲ್ಲೇ ತಪ್ಪಿದ್ದು. ಅವರ ಕಸುಬಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಅಳತೆ ತೆಗೆಯಲು ಬಿಟ್ಟರೆ ಕೆಲಸ ಒಪ್ಪಿಸಿದ ಹಾಗೆ. ಪಾದ ಮುಂದಿಟ್ಟು ಅಳತೆ ಕೊಟ್ಟವನು ಆಮೇಲೆ ಚಪ್ಪಲಿ ಬೇಡ ಅನ್ನುವಂತಿಲ್ಲ. ಇದು ಗೊತ್ತಿದ್ದೂ ಇಂಜಿನಿಯರ್ ಸಾಹೇಬ ಎರಡು ತಿಂಗಳು ಸುಮ್ಮನಿದ್ದ. ಕಾರು ಅಂಗಡಿಗೆ ಹೋದದ್ದನ್ನು ರಂಗಲಕ್ಷ್ಮಮ್ಮನೇ ಅಮೃತೂರು ಬಸ್ಸಿನವರ ಕೈಲಿ ಹೇಳಿ ಕಳಿಸಿದ್ದಳು.

"ಎಷ್ಟ್ ಹೊತ್ತಾಯ್ತು ಬಂದು? ... ಮೊದಲ್ನೇ ಬಸ್ಸಿಗೇನಾ? ... ನಾಕು ಚರ್ಮಾನೂ ಹೆಗಲ ಮೇಲೇನಾ? ... ಹಾಂ... ಹಾಂ... ಹದ ಅಷ್ಟ್ ಚೆನ್ನಾಗ್ ಬಂದಿದೆಯಾ? ... ನಿಮ್ ಮೂವತ್ತು ವರ್ಷದಲ್ಲಿ ನೋಡಿಲ್ವಾ? ... ಕೆಲಸದೋರೆಲ್ಲ ಸುತ್ತ ನಿಂತು ನೋಡ್ತಾವ್ರಾ? ..."

ರಾಮಾಂಜಿನಯ್ಯನಿಗೆ ಒಂದು ಗಳಿಗೆ ಎದೆ ಉಬ್ಬಿತು. ಅದು ಉಬ್ಬಿದ್ದು ತಿಳಿಯುವಷ್ಟರಲ್ಲಿ ಸಾಬರು ಮುಂದಿನ ಪ್ರಶ್ನೆ ಕೇಳಿಬಿಟ್ಟಿದ್ದರು.

"ಯಾರು ಅಂದ್ರೆ? ... ನಂಗೇನಾಗ್ಬೇಕು ಅಂತಾನಾ? ..."

ಗುಂಡಯ್ಯನವರ ಪೆನ್ನು ನಿಂತಿತು. ಬಿಲ್ಲಿಗಾಗಿ ಕಾಯುತ್ತಿದ್ದ ಕಂಟ್ರಾಕ್ಟರ್ ನರಸಯ್ಯ ಬೀಡಿ ಹಚ್ಚಲು ಗೀರಿದ ಕಡ್ಡಿಯನ್ನು ಹಾಗೇ ಹಿಡಿದಿದ್ದ.

"ಅವ್ರು... ನಮ್ಮೂರ ಕಡೆಯೋರು ಕಣ್ರಿ. ಪರಿಚಯ, ಅಷ್ಟೆ. ... ಹೂಂ, ಅದೇ ಕೆಲಸ ಮಾಡ್ಕೊಂಡಿದ್ದೋರು, ಪಾಪ. ... ನಾನೇನ್ ಹೇಳಿ ಕಳ್ಸಿಲ್ಲ. ಅವ್ರಾಗ್ ಅವ್ರೇ ತಂದವ್ರೆ."

ಎಷ್ಟು ಸಲೀಸಾಗಿ ಬಂತು ಮಾತು. ಹಿಂದೊಂದು ಸಲ ಹೀಗೇ ಬಂದಿತ್ತು. ತುಮಕೂರಿನ ಹಾಸ್ಟೆಲಿಗೆ ಸೇರಿಸಿದ ದಿನ ಅಪ್ಪ ಹೊಲಿದುಕೊಟ್ಟ ಚಪ್ಪಲಿ ನೋಡಿ, ಯಾರೋ ಹುಡುಗರು ಎಲ್ಲಿಯದು ಎಂದಾಗ ಅಂಗಡಿಯದು ಅಂದಿದ್ದ. ಆಗ ಹನ್ನೆರಡು ವರ್ಷ, ಬುದ್ಧಿ ಬಲಿತಿರಲಿಲ್ಲ ಅನ್ನಬಹುದು. ಈಗ ಮೂವತ್ತೆಂಟು. ಚಪ್ಪಲಿಯನ್ನಲ್ಲ, ಹೊಲಿದವನನ್ನೇ ಬೇರೆಯವನನ್ನಾಗಿ ಮಾಡಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಗಿ, ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ.

"ಏನಂದ್ರಿ? ... ಸರಿಯಾಗ್ ಕೇಳಿಸ್ಲಿಲ್ಲ, ಇನ್ನೊಂದ್ ಸಲ ಹೇಳಿ. ... ಅವ್ರೂ ಹಂಗೇ ಅಂದ್ರಾ? ... ನೀವ್ ಕೇಳ್ದಾಗ? ... 'ಸಾಹೇಬ್ರ ಊರ ಕಡೆಯೋನು, ಬರೀ ಪರಿಚಯ' ಅಂತಾನಾ? ... ಅವ್ರೇ ಅಂದ್ರಾ? ಅವರ್ ಬಾಯಲ್ಲೇ?"

ಮಗ ಹೇಳುವ ಸುಳ್ಳನ್ನು ಅಪ್ಪ ಬೆಳಿಗ್ಗೆಯೇ ಹೇಳಿ ಮುಗಿಸಿದ್ದ. ಮಗನಿಗೆ ಅದು ಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೋ, ಗೇಟು ಹಾಕಿದ ದಿನದಿಂದಲೋ, ಅದಕ್ಕೂ ಮೊದಲಿನಿಂದಲೋ.

"ಬೇಡ ಸಾಬ್ರೇ, ಅವ್ರಿಗ್ ಯಾಕ್ ಫೋನ್ ಕೊಡ್ತೀರಾ? ... ನೀವೇ ಹೇಳ್ಬಿಡಿ ಬಟ್ಟೆ ಅಂತ. ... ಸಾಬ್ರೇ... ಸಾಬ್ರೇ..."

ಸಾಬರು ಒಳ್ಳೆಯ ಮನುಷ್ಯ. ಅಷ್ಟು ದೂರದಿಂದ ಹೊತ್ತು ತಂದವರಿಗೆ ಬೇಡ ಅನ್ನುವ ಮಾತನ್ನು ತಮ್ಮ ಬಾಯಿಂದ ಹೇಳಲು ಅವರಿಗೆ ಮನಸ್ಸಿರಲಿಲ್ಲ.

"ಹಲೋ. ... ಹಾಂ, ನಾನೇ. ... ನಮಸ್ಕಾರ. ... ಹೇಳಿ. ... ಸ್ವಾಮಿ ಅಂತೆಲ್ಲ ಯಾಕೆ, ಹಂಗೇ ಹೇಳಿ. ..."

ಅಪ್ಪನ ಬಾಯಿಂದ ಆ ಮಾತನ್ನು ಗೌಡರ ಜಗಲಿಯ ಕೆಳಗೆ, ಶಾನುಭೋಗರ ಬಾಗಿಲಲ್ಲಿ ಕೇಳಿದ್ದ. ಅಲ್ಲೆಲ್ಲ ಅಪ್ಪನ ಹಿಂದೆ ನಿಂತಿದ್ದವನು ತಾನು. ಇವತ್ತು ಜಗಲಿಯ ಮೇಲೆ ಕೂತವನು ತಾನಾಗಿದ್ದ.

"ಮಕ್ಕಳಾ? ... ಚೆನ್ನಾಗವ್ರೆ. ... ದೊಡ್ಡೋಳಿಗೆ ಜ್ವರ ಬಿಡ್ತು. ... ಹೂಂ, ಈಗ ಉಣ್ತಾಳೆ. ... ನೀವು... ನಿಮ್ದು ಊಟ ಆಯ್ತಾ? ... ಬುತ್ತಿ ತಂದಿದೀರಾ. ... ಸರಿ."

ಬೇರೆಯವರಂತೆ ಮೊಮ್ಮಗಳ ಜ್ವರ ವಿಚಾರಿಸಿಕೊಂಡು, ಬೇರೆಯವರಂತೆಯೇ ಅಪ್ಪ ವ್ಯವಹಾರಕ್ಕೆ ಬಂದ.

"ಬಟ್ಟೇನೇ ಒಳ್ಳೇದು ಅಂತೀರಾ? ... ಹಾಂ, ಕಾಯುತ್ತೆ. ತೊಡೆ ಸುಡುತ್ತೆ. ನಾನೂ ಅದೇ ಅಂದೆ. ... ವಾಪಸ್ ತಗೊಂಡ್ ಹೋಗ್ತೀರಾ? ನಾಕೂನಾ? ... ಭಾರ ಆಗಲ್ವಾ? ... ಬರೋವಾಗ ಕುಣಿಗಲ್ ಮೇಲೇ ಬಂದ್ರಾ? ... ಬಸ್ ಅರ್ಧ ಗಂಟೆ ನಿಂತಿತ್ತಾ? ... ಮತ್ತೆ ಇಳೀಬಾರ್ದಾ, ಇಲ್ಲೇ ಕಚೇರಿ... ಇಲ್ಲೇ ಅಲ್ವಾ ನಾನಿರೋದು? ..."

ಆ ಕಡೆಯ ಉತ್ತರ ಚಿಕ್ಕದಾಗಿತ್ತು. ಹೆಗಲ ಮೇಲೆ ಚರ್ಮ ಹೊತ್ತುಕೊಂಡು ಕಚೇರಿ ಬಾಗಿಲಿಗೆ ಹೇಗೆ ಬರುವುದು ಅನ್ನುವುದಷ್ಟೇ ಅದರಲ್ಲಿದ್ದದ್ದು. ರಾಮಾಂಜಿನಯ್ಯ ಗೋಡೆಯ ಕಡೆ ತಿರುಗಿದ.

"ಹಾಂ... ಹಾಂ... ಹದ ಮಾಡೋಕೆ ಎಷ್ಟ್ ದಿನ ಹಿಡೀತು? ... ದೀಪಾವಳಿಯಿಂದ್ಲೂನಾ? ಒಬ್ರೇನಾ? ... ಕೈಗಾ? ಕೈಗೇನಾಯ್ತು? ... ಚರ್ಮ ನೆನೆಹಾಕೋ ಸುಣ್ಣ ತಿಂದುಬಿಡ್ತಾ? ... ಯಾವ್ ಬೆರಳು? ... ಎರಡೂ ಕೈನಾ? ..."

ಮೂರು ನಿಮಿಷ ಮುಗಿದು ಆಪರೇಟರ್ ನಡುವೆ ಬಂದಳು.

"ಹಾಂ ಮೇಡಂ, ಕೊಡಿ, ಇನ್ನ್ ಮೂರ್ ನಿಮಿಷ ಕೊಡಿ. ಕಟ್ ಮಾಡ್ಬೇಡಿ. ... ಹಲೋ. ಇದೀರಾ? ... ಹೋಗ್ಬರ್ತೀನಿ ಸ್ವಾಮಿ ಅಂತೀಯಲ್ಲ... ಅನ್ಬೇಡ. ಹಂಗ್ ಅನ್ಬೇಡ ಕಣಪ್ಪ. ... ಅಪ್ಪ, ನಾನು. ... ಸಾಬ್ರು ಪಕ್ಕದಲ್ಲಿದ್ರೆ ಇರ್ಲಿ, ಕೇಳಿಸ್ಕೊಳ್ಲಿ. ಇಲ್ಲೂ ಎಲ್ಲಾ ಇದಾರೆ, ಅವ್ರೂ ಕೇಳ್ಲಿ. ನೀನ್ ನಮ್ಮಪ್ಪ. ನಮ್ಮಪ್ಪ ಕಣಪ್ಪ ನೀನು."

ಕಚೇರಿ ಸ್ತಬ್ಧವಾಗುತ್ತದೆ, ಹತ್ತು ತಲೆ ಒಟ್ಟಿಗೆ ತನ್ನ ಕಡೆ ತಿರುಗುತ್ತವೆ ಎಂದುಕೊಂಡಿದ್ದ. ಯಾರೂ ತಿರುಗಲಿಲ್ಲ. ನರಸಯ್ಯ ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಗುಂಡಯ್ಯನವರು ಎದ್ದು, ತಮ್ಮ ಕುರ್ಚಿಯನ್ನು ಅವನತ್ತ ತಳ್ಳಿ, ಬೇರೆ ಕಡೆ ನೋಡುತ್ತ ನಿಂತರು. ಸರ್ವೀಸ್ ರಿಜಿಸ್ಟರ್ ಹದಿನಾಲ್ಕು ವರ್ಷದಿಂದ ಅವರ ಬೀರುವಿನಲ್ಲೇ ಇತ್ತು. ಅಪ್ಪನ ಹೆಸರು, ಜಾತಿ, ಊರು ಎಲ್ಲ ಅದರ ಮೊದಲನೇ ಪುಟದಲ್ಲಿದ್ದವು. ಎಲ್ಲರಿಗೂ ಗೊತ್ತಿದ್ದದ್ದನ್ನೇ ಇಷ್ಟು ವರ್ಷ ಬಚ್ಚಿಟ್ಟಿದ್ದೆ, ಬಚ್ಚಿಡಲು ಅಪ್ಪನನ್ನೂ ದುಡಿಸಿಕೊಂಡೆ ಎಂದು ಹೊಳೆದಾಗ ಅವನಿಗೆ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

"ಏನು? ... ಯಾರ್ ಮಾತಾಡ್ತಿರೋದಾ? ನಾನೇ ಕಣಪ್ಪ, ನಿನ್ ಮಗ. ... ರಾಂಗ್ ಲೈನ್ ಅಲ್ಲ. ... ಸಾಹೇಬ್ರು ತಪ್ಪು ತಿಳ್ಕೊಂಡಿಲ್ಲ, ಯಾಕಂಗಂತೀಯ? ... ನನ್ ಮರ್ಯಾದೆ ಏನೂ ಹೋಗಲ್ಲ, ಇಲ್ಲಿ ಎಲ್ರಿಗೂ ಮೊದ್ಲೇ ಗೊತ್ತಿತ್ತು. ... ಸಾಬ್ರಿಗೆ ಫೋನ್ ಕೊಡ್ಬೇಡ, ಕೊಡ್ಬೇಡ. ನನ್ ಮಾತ್ ಕೇಳು. ಚರ್ಮಾನೇ ಹಾಕು. ನೀನೇ ಕೂತು ಹೊಲಿ. ... ಕೈ ವಾಸಿ ಆದ್ಮೇಲೆ ಹೊಲಿ, ನಾನ್ ಕಾಯ್ತೀನಿ. ... ಬಸ್ ಹತ್ಬೇಡ. ಈಗ್ಲೇ ಹೊರಡ್ತೀನಿ, ಒಂದೂವರೆ ಗಂಟೇಲಿ ಅಲ್ಲಿರ್ತೀನಿ, ಅಲ್ಲೇ ಇರು. ... ಮತ್ತೆ ಸ್ವಾಮಿ ಅಂತೀಯಲ್ಲ. ... ತಪ್ಪಾಯ್ತು ಕಣಪ್ಪ. ಬೈಯಿ ಬೇಕಾದ್ರೆ. ಏನ್ಲಾ ಅಂತ ಬೈಯಿ. ... ಅಪ್ಪ, ಒಂದ್ ಸಲ ರಾಮಾಂಜಿ ಅನ್ನು. ... ಅಪ್ಪ... ಒಂದೇ ಒಂದ್... ಹಲೋ... ಮೇಡಂ... ಹಲೋ..."