ಮಕ್ಕಳ ಕೋಣೆಯ ಬೀಗ

ವಯಸ್ಸು ಇಪ್ಪತ್ತೇಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಕೆಲಸ. ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಕಾಲರಕ್ಕ ಎಂದು. ವಾಸ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ನಾಲ್ಕನೆಯದು. ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾರೆ. ಅವರ ಪಾಳಿ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ, ನನ್ನದು ಒಂದರಿಂದ ಒಂಬತ್ತರವರೆಗೆ. ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳಲೆಂದೇ ಹೀಗೆ ಹಂಚಿಕೊಂಡಿದ್ದೇವೆ. ಹೊರಗಿನ ಶಿಶುವಿಹಾರಕ್ಕೆ ನನ್ನ ಅರ್ಧ ಸಂಬಳ ಬೇಕು. ನಾನು 12-55ರೊಳಗೆ ಹಾಜರಿ ಕಾರ್ಡ್ ಒತ್ತಬೇಕು. ಗೇಟಿನಲ್ಲಿ ಮೈ ತಪಾಸಣೆ ಮುಗಿಸಿ ಅವರು ಹೊರಬರುವುದು 1-10ಕ್ಕೆ. ನಡುವಿನ ಹದಿನೈದು ನಿಮಿಷ ಮಗು ಗೇಟು ಕಾಯುವ ತಾತನ ಬೆಂಚಿನ ಮೇಲಿರುತ್ತದೆ. ಇನ್ನೂ ಇಬ್ಬರು ಹೆಂಗಸರ ಮಕ್ಕಳದೂ ಇದೇ ಪಾಡು.

ಗೇಟಿನಿಂದ ನಲವತ್ತು ಹೆಜ್ಜೆ ದೂರದಲ್ಲಿ 'ಮಕ್ಕಳ ಕೋಣೆ' ಎಂಬ ಬೋರ್ಡು ಇದೆ. ಒಳಗಿರುವುದು ದಾರದ ಪೆಟ್ಟಿಗೆಗಳು, ಒಂದು ಬೀರು. ಇನ್‌ಸ್ಪೆಕ್ಷನ್ ದಿನ ಮಾತ್ರ, ಬಂದವರಿಗೆ ತೋರಿಸಲು, ಪೆಟ್ಟಿಗೆಗಳು ಹೊರಗೆ, ಬೆಂಚಿನ ಮಕ್ಕಳು ಒಳಗೆ. ಅವತ್ತೊಂದು ದಿನವಾದರೂ ಚಾಪೆಯ ಮೇಲೆ ಕೂರಲಿ ಎಂದು ನಾವು ಖುಷಿಪಡುತ್ತಿದ್ದೆವು. ನಮ್ಮ ಬುದ್ಧಿ ಇಷ್ಟೇ.

ನಿನ್ನೆ ಅಂಥ ದಿನ. 12-50ಕ್ಕೆ ಮಗಳನ್ನು ಬೆಂಚಿನ ಮೇಲೆ ಕೂರಿಸಿದೆ. 12-58ಕ್ಕೆ ಕಾರ್ಖಾನೆಯ ಕಲ್ಯಾಣಾಧಿಕಾರಿ ಮೂವರು ಮಕ್ಕಳನ್ನೂ ಆ ಕೋಣೆಗೆ ಕರೆದೊಯ್ದರೆಂದೂ, ತನ್ನನ್ನು ಬಂದವರ ಕಾರು ನಿಲ್ಲಿಸಲು ಕಳಿಸಿದರೆಂದೂ ತಾತ ಆಮೇಲೆ ತಿಳಿಸಿದರು. ಇನ್‌ಸ್ಪೆಕ್ಷನ್ ವಿಷಯ ನನ್ನ ಗಂಡನಿಗೆ ಗೊತ್ತಿರಲಿಲ್ಲ. ಅವರು ಬಂದಾಗ ಬೆಂಚು ಖಾಲಿ, ತಾತನೂ ಇಲ್ಲ. ಹಿಂದಿನ ದಿನ ಜಗಳದಲ್ಲಿ ನಾನು, ಮಗುವನ್ನು ಇನ್ನು ಅಕ್ಕನ ಮನೆಯಲ್ಲೇ ಬಿಡುತ್ತೇನೆ ಎಂದಿದ್ದೆ. ಹಾಗೇ ಮಾಡಿರಬೇಕೆಂದುಕೊಂಡು ಅವರು ಮನೆಗೆ ಹೋಗಿ ಮಲಗಿದರು. ಕೇಳೋಣವೆಂದರೆ ನನ್ನ ಫೋನು ಪಾಳಿ ಮುಗಿಯುವವರೆಗೆ ಕಾರ್ಖಾನೆಯ ಲಾಕರಿನಲ್ಲಿರುತ್ತದೆ. ಮಗು ಅಪ್ಪನ ಹತ್ತಿರವಿದೆ ಎಂದು ನಾನು, ದೊಡ್ಡಮ್ಮನ ಹತ್ತಿರವಿದೆ ಎಂದು ಅವರು.

ಇನ್‌ಸ್ಪೆಕ್ಷನ್‌ಗೆ ಬಂದವರು 1-40ಕ್ಕೆ ಹೋದರಂತೆ. ಉಳಿದಿಬ್ಬರು ಮಕ್ಕಳನ್ನು ಅವರ ಮನೆಯವರು ಕೇಳಿ ಕರೆದೊಯ್ದರು. ನನ್ನ ಮಗಳು ಬೀರುವಿನ ಹಿಂದೆ ನಿದ್ದೆ ಹೋಗಿದ್ದಳು. ಅವಳನ್ನು ಕೇಳಿ ಬರುವವರು ಯಾರೂ ಇರಲಿಲ್ಲ. ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿ 2 ಗಂಟೆಗೆ ಬೀಗ ಹಾಕಿದರು. ಆ ಕೋಣೆಗೆ ಕಿಟಕಿಯಿಲ್ಲ, ಮೇಲೆ ತಗಡು.

5-30ಕ್ಕೆ ನಮ್ಮ ಸಾಲಿನಲ್ಲಿ ಬಿಳಿ ದಾರ ಮುಗಿಯಿತು. ಸ್ಟೋರಿನವನ ಜೊತೆ ನನ್ನನ್ನೇ ಕಳಿಸಿದರು. ಮೂರನೇ ಪೆಟ್ಟಿಗೆ ಎಳೆದಾಗ ಮಗಳ ಕಾಲು ಕಂಡಿತು. ಮೈ ಕೆಂಡವಾಗಿತ್ತು, ಕರೆದರೆ ಓಗೊಡಲಿಲ್ಲ. ವ್ಯಾನಿನಲ್ಲಿ ಎರಡು ಕಿಲೋಮೀಟರು. 5-52ಕ್ಕೆ ಆಸ್ಪತ್ರೆ ಸೇರಿದೆವು. ಕೋಣೆಯ ಕಾವಿಗೆ ಮೂತ್ರಪಿಂಡ ಕೆಟ್ಟಿದೆಯೇ ಎಂಬುದನ್ನು ಎರಡು ದಿನ ಕಳೆಯದೆ ಹೇಳಲಾಗದೆಂದು ಡಾಕ್ಟರು ತಿಳಿಸಿದ್ದಾರೆ.

7 ಗಂಟೆಗೆ ಕಲ್ಯಾಣಾಧಿಕಾರಿ ವಾರ್ಡಿಗೆ ಬಂದು, ಅನುಮತಿಯಿಲ್ಲದೆ ನಾನೇ ಮಗುವನ್ನು ಒಳಗೆ ತಂದೆನೆಂದು ಟೈಪು ಮಾಡಿದ ಹಾಳೆ ಹಿಡಿದರು. "ಸಹಿ ಹಾಕಮ್ಮ, ಕೆಲಸನಾದ್ರೂ ಉಳಿಯುತ್ತೆ" ಎಂದರು. ನಾನು ಹಾಕಲಿಲ್ಲ.

ಇಂದು ಬೆಳಿಗ್ಗೆ ಮಗಳಿಗೆ ಎಚ್ಚರವಾಯಿತು. ಬಾಗಿಲು ಬಡಿದು ಯಾಕೆ ಕೂಗಲಿಲ್ಲ ಎಂದು ನರ್ಸಮ್ಮ ಕೇಳಿದರು. ಸದ್ದು ಮಾಡಿದರೆ ಇಲ್ಲಿ ಕೂರೋಕೆ ಬಿಡಲ್ಲ ಅಂತ ಅಮ್ಮ ಹೇಳಿದಾಳೆ ಎಂದಳು. ಅದು ನಿಜ. ಬೆಂಚಿನ ಮೇಲೆ ಕೂರಿಸುವಾಗ ದಿನಾ ಕಿವಿ ಹಿಂಡಿ ಕಲಿಸಿದವಳು ನಾನೇ. ಕಲ್ಯಾಣಾಧಿಕಾರಿಯ ಹಾಳೆಯಲ್ಲಿ ಅದು ಇರಲಿಲ್ಲ, ಇಲ್ಲಿ ಬರೆದುಕೊಳ್ಳಿ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಏಪ್ರಿಲ್ 12, ಬೆಳಿಗ್ಗೆ 11-20
ಸಹಿ: (ಕಾಲರಕ್ಕ)